ಬ್ಲೋವರ್ ಗಾಳಿ ಕಮ್ಮಿಯಾಗಿದೆಯೇ? ಮೊದಲು ಮೋಟಾರಿನ ಸದ್ದು ಕೇಳಿ

ಮಳೆಗಾಲದಲ್ಲಿ ಮಲೆನಾಡು, ಕೊಡಗಿನ ಕಡೆ ಓಡುವ ಹಳೆಯ ಕಾರುಗಳದ್ದು ಒಂದೇ ದೂರು: ಮುಂದಿನ ಗಾಜು ಒಳಗಿನಿಂದ ಮಂಜು ಕಟ್ಟುತ್ತದೆ, ಹೀಟರ್ ಹಾಕಿದರೆ ಗಾಜಿನವರೆಗೆ ಗಾಳಿಯೇ ತಲುಪುವುದಿಲ್ಲ. ಬೇಸಿಗೆಯಲ್ಲಿ ‘ಎಸಿ ತಣ್ಣಗಾಗುತ್ತಿಲ್ಲ’ ಎಂದು ಗ್ಯಾಸ್ ತುಂಬಿಸಿಕೊಂಡು, ಆಮೇಲೂ ಸೆಕೆಯಲ್ಲೇ ಕೂರುವವರ ಕಾರಿನಲ್ಲೂ ಎಷ್ಟೋ ಸಲ ಇದೇ ದೋಷ ಇರುತ್ತದೆ. ಏಕೆಂದರೆ ಎಸಿ ಇರುವ ಮಾರುತಿ 800, ಝೆನ್, ಹಳೆಯ ಸ್ಯಾಂಟ್ರೊ, ಇಂಡಿಕಾ ಯಾವುದೇ ಇರಲಿ, ಹೀಟರಿಗೂ ಎಸಿಗೂ ಗಾಳಿ ದೂಡುವ ಫ್ಯಾನ್, ಅಂದರೆ ಬ್ಲೋವರ್, ಒಂದೇ.

ಗಾಳಿ ಜೋರಾಗಿಯೇ ಬಂದು ಬಿಸಿ ಮಾತ್ರ ಇಲ್ಲದಿದ್ದರೆ ಬ್ಲೋವರನ್ನು ಮುಟ್ಟಬೇಡಿ. ಅದು ಎಂಜಿನ್ನಿನ ಶಾಖ ಹೊತ್ತು ತರುವ ಕೂಲೆಂಟ್ ದ್ರವದ ಕಡೆಯ ವಿಷಯ: ತೆರೆದೇ ಉಳಿದ ಥರ್ಮೋಸ್ಟಾಟ್, ಏರ್ ಲಾಕ್ (ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ), ಕಟ್ಟಿಕೊಂಡ ಹೀಟರ್ ಕೋರ್ (ಗಾಳಿಯನ್ನು ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಅಥವಾ ಬಿಸಿ-ತಂಪು ಲಿವರಿನ ಕೇಬಲ್ ಕಳಚಿರುವುದು. ಹಾಗೆಯೇ ಎಸಿ ಹಾಕಿದ ಅರ್ಧ ಗಂಟೆಯ ಮೇಲೆ ಗಾಳಿ ಕುಗ್ಗುತ್ತಾ ಹೋಗಿ, ಎಸಿ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುತ್ತಿದ್ದರೆ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ ಎಂದರ್ಥ. ಅಲ್ಲಿ ನೋಡಬೇಕಾದದ್ದು ಕಾಯಿಲಿನ ಥರ್ಮಿಸ್ಟರ್ (ಶಾಖ ಅಳೆಯುವ ಸೆನ್ಸರ್) ಮತ್ತು ಗ್ಯಾಸಿನ ಮಟ್ಟ.

ಇವೆರಡೂ ಅಲ್ಲ, ಗಾಳಿಯೇ ಸದಾ ಕಮ್ಮಿ ಎಂದಾದರೆ ಎಂಜಿನ್ ಆರಿಸಿ, ಕೀಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಬ್ಲೋವರನ್ನು ನಾಲ್ಕನೇ, ಅಂದರೆ ಅತಿ ಹೆಚ್ಚಿನ ಸ್ಪೀಡಿಗೆ ಇಟ್ಟು ಕಿವಿಗೊಟ್ಟು ಕೇಳಿ. ಮೋಟಾರ್ ಜೋರಾಗಿ ತಿರುಗುವ ಸದ್ದು ಇದ್ದೂ ಗಾಳಿ ಬರುತ್ತಿಲ್ಲವಾದರೆ ದಾರಿ ಕಟ್ಟಿದೆ. ಸದ್ದೇ ಸೋತಿದ್ದರೆ ದೋಷ ವೈರಿಂಗ್ ಅಥವಾ ಮೋಟಾರಿನದ್ದು. ದಾರಿ ಕಟ್ಟಿದಾಗ ಮೋಟಾರಿನ ಸ್ವರ ಮಾಮೂಲಿಗಿಂತ ಏರಿರುವುದೂ ಉಂಟು. ವ್ಯಾಕ್ಯೂಮ್ ಕ್ಲೀನರ್ ಕೊಳವೆಗೆ ಅಂಗೈ ಒತ್ತಿದಾಗ ಅದು ಕೀರಲು ದನಿ ತೆಗೆಯುವ ಹಾಗೆ. ತಳ್ಳಲು ಗಾಳಿ ಇಲ್ಲದೆ ಮೋಟಾರಿನ ಹೊರೆ ಇಳಿದು ವೇಗ ಹೆಚ್ಚುವುದೇ ಇದಕ್ಕೆ ಕಾರಣ. ಬಿಡಿಭಾಗ ಕೊಳ್ಳುವ ಮುನ್ನ ಈ ಒಂದು ನಿಮಿಷ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ದಾರಿ ಕಟ್ಟಿದೆ ಎನಿಸಿದರೆ ಫ್ರೆಶ್ ಏರ್ ಲಿವರನ್ನು ಒಳಗಾಳಿಯ ಕಡೆಗೆ ಸರಿಸಿ ನೋಡಿ. ಗಾಳಿ ತಟ್ಟನೆ ಹೆಚ್ಚಿದರೆ ಹೊರಗಾಳಿ ಒಳಬರುವ, ವೈಪರ್ ಕೆಳಗಿನ ಜಾಲರಿ ಕಟ್ಟಿದೆ. ಗುಲ್‌ಮೊಹರ್, ಮಳೆಮರದ ಕೆಳಗೆ ನಿಲ್ಲುವ ಕಾರುಗಳಲ್ಲಿ ಅಲ್ಲಿ ಎಲೆಗೊಬ್ಬರವೇ ಇರುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೆ ಕ್ಯಾಬಿನ್ ಫಿಲ್ಟರ್ ಹಾಗೂ ಕಾಯಿಲ್ ಕಡೆ ಗಮನ ಕೊಡಿ. ಫಿಲ್ಟರ್ ಇದ್ದರೆ ಅದನ್ನು ತೆಗೆದಿಟ್ಟು ಒಮ್ಮೆ ಬ್ಲೋವರ್ ಓಡಿಸಿದರೆ ಸಾಕು, ಉತ್ತರ ಸಿಗುತ್ತದೆ. ಆದರೆ ಹಳೆಯ ಕಾರುಗಳಲ್ಲಿ ಹೆಚ್ಚಿನವಕ್ಕೆ ಫಿಲ್ಟರೇ ಇಲ್ಲ, ವರ್ಷಗಟ್ಟಲೆ ಧೂಳನ್ನು ಕಾಯಿಲೇ ಹಿಡಿದಿಟ್ಟಿರುತ್ತದೆ. ರೆಸಿಸ್ಟರ್ (ಬ್ಲೋವರಿನ ವೇಗ ತಗ್ಗಿಸುವ ಭಾಗ) ಬಿಚ್ಚಿದ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಕಾಯಿಲಿನ ಮುಖದ ಮೇಲೆ ಕಂಬಳಿಯಂತೆ ಬೂದು ಪದರ ಕಂಡರೆ ಅದನ್ನು ಮೊದಲು ಮೆತ್ತನೆಯ ಬ್ರಷ್‌ನಿಂದ ಎಳೆದು ತೆಗೆದು, ಆಮೇಲೆ ನೊರೆ ಬರುವ ಕಾಯಿಲ್ ಕ್ಲೀನರ್ ಹಾಕಬೇಕು. ಒಣ ಪದರದ ಮೇಲೇ ನೊರೆ ಹಾಕಿದರೆ ಅದು ಕೆಸರಾಗಿ ರೆಕ್ಕೆಗಳ ನಡುವೆ ಇಳಿದು ಕೂರುತ್ತದೆ. ಪ್ರೆಷರ್ ವಾಟರ್ ಬೇಡವೇ ಬೇಡ. ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡರೆ ಮತ್ತೆ ನೆಟ್ಟಗಾಗುವುದಿಲ್ಲ. ನೀರು ಹೊರಹೋಗುವ ರಬ್ಬರ್ ಪೈಪ್ ತೆರೆದಿದೆಯೇ ಎಂಬುದನ್ನು ಮುಂಚೆಯೇ ಖಚಿತಪಡಿಸಿಕೊಳ್ಳಿ.

ಇನ್ನು ಸದ್ದೇ ಸೋತಿರುವ ಕಾರುಗಳು. ಒಂದರಿಂದ ಮೂರರವರೆಗೆ ಏನೂ ಇಲ್ಲ, ನಾಲ್ಕರಲ್ಲಿ ಮಾತ್ರ ಚೆನ್ನಾಗಿ ತಿರುಗುತ್ತದೆ ಎಂದರೆ ರೆಸಿಸ್ಟರ್ ಹೋಗಿದೆ. ಕೆಳಗಿನ ವೇಗಗಳಲ್ಲಿ ಕರೆಂಟ್ ಅದರ ಮೂಲಕ ಹರಿಯುತ್ತದೆ, ನಾಲ್ಕರಲ್ಲಿ ನೇರ. ನಾಲ್ಕರಲ್ಲೂ ಸೋತಿದ್ದರೆ ಅದು ರೆಸಿಸ್ಟರಿನ ತಪ್ಪಲ್ಲ; ಆದರೂ ಅಂಗಡಿಗೆ ಹೋಗಿ ರೆಸಿಸ್ಟರ್ ತರುವವರೇ ಹೆಚ್ಚು.

ಇಲ್ಲಿ ಬೇಕಾದದ್ದು ಮಲ್ಟಿಮೀಟರ್. ಡಿಸಿ 20 ವೋಲ್ಟ್ ರೇಂಜಿಗೆ ಇಟ್ಟು, ಎಂಜಿನ್ ಸ್ಟಾರ್ಟ್ ಮಾಡಿ. ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ತೋರಿಸಬೇಕು. ಬ್ಲೋವರ್ ನಾಲ್ಕರಲ್ಲಿ ಓಡುತ್ತಿರುವಾಗ, ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಕಳಚದೆ, ಕರಿ ಪ್ರೋಬನ್ನು ಬ್ಯಾಟರಿ ನೆಗೆಟಿವ್‌ಗೆ ಉದ್ದ ತಂತಿಯಿಂದ ಕೊಟ್ಟು, ಕೆಂಪು ಪ್ರೋಬನ್ನು ಮೋಟಾರಿನ ಎರಡು ತಂತಿಗಳಿಗೆ ಒಂದೊಂದಾಗಿ ಮುಟ್ಟಿಸಿ. ಕರೆಂಟ್ ಬರುವ ತಂತಿಯಲ್ಲಿ ಬ್ಯಾಟರಿಗಿಂತ ಅರ್ಧ ವೋಲ್ಟಿನಷ್ಟು ಕಮ್ಮಿ ಇದ್ದರೆ ಸರಿ. ಹೋಗುವ ತಂತಿಯಲ್ಲಿ ಅರ್ಧ ವೋಲ್ಟ್ ಮೀರಬಾರದು. ಮೊದಲನೆಯದು ತಪ್ಪಿದರೆ ಫ್ಯೂಸ್ ಕಾಲು, ರಿಲೇ, ಇಗ್ನಿಷನ್ ಸ್ವಿಚ್ ನೋಡಿ. ಎರಡನೆಯದು ತಪ್ಪಿದರೆ ಸ್ಪೀಡ್ ಸ್ವಿಚ್, ಅದರ ಕಪ್ಲರ್, ಅರ್ತ್ ಬೋಲ್ಟ್. ಜಪಾನ್ ಮೂಲದ ಅನೇಕ ವಿನ್ಯಾಸಗಳಲ್ಲಿ ಸ್ವಿಚ್ ಇರುವುದು ಅರ್ತ್ ಕಡೆ. ಹಾಗಾಗಿ ಬ್ಲೋವರ್ ಆಫ್ ಇದ್ದಾಗ ಮೋಟಾರಿನ ಎರಡೂ ತಂತಿಗಳಲ್ಲಿ 12 ವೋಲ್ಟ್ ಕಂಡು ‘ಶಾರ್ಟ್ ಆಗಿದೆ’ ಎಂದು ಗಾಬರಿಯಾಗಬೇಕಿಲ್ಲ.

ಇಷ್ಟು ಚಿಕ್ಕ ನಷ್ಟಕ್ಕೆ ಏಕೆ ಇಷ್ಟು ಮಹತ್ವ? ಕಪ್ಲರಿನ ಒಂದು ಪಿನ್ ಸಡಿಲವಾಗಿ 0.1 ಓಮ್ ರೋಧ ಹುಟ್ಟಿತು ಎನ್ನಿ. 12 ಆಂಪಿಯರ್ ಹರಿದರೆ ಅಲ್ಲೇ 1.2 ವೋಲ್ಟ್ ಸೋರಿಹೋಗುತ್ತದೆ, 14 ವ್ಯಾಟಿನಷ್ಟು ಶಾಖ ಒಂದು ಪುಟ್ಟ ಪಿನ್ನಿನಲ್ಲಿ ಹುಟ್ಟುತ್ತದೆ. ಶಾಖಕ್ಕೆ ಪಿನ್ನಿನ ಹಿಡಿತ ಇನ್ನಷ್ಟು ಸಡಿಲ, ರೋಧ ಇನ್ನಷ್ಟು ಹೆಚ್ಚು. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಜಾಗ ಅದೇ. ಓಮ್ ರೇಂಜಿನಲ್ಲಿ ಅಳೆದರೆ ಇದು ಸಿಕ್ಕುವುದಿಲ್ಲ, ಮೀಟರಿನ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚಿರಬಹುದು. ಸುಟ್ಟ ಕಪ್ಲರನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಮತ್ತೆ ಚುಚ್ಚಿದರೆ ಹೆಚ್ಚು ದಿನ ಬಾಳದು; ತಂತಿಯನ್ನು ಕರಿಯಾದ ಭಾಗದವರೆಗೆ ಕತ್ತರಿಸಿ ಹೊಸ ಟರ್ಮಿನಲ್ ಕ್ರಿಂಪ್ ಮಾಡಬೇಕು.

ವೋಲ್ಟೇಜ್ ಪೂರ್ತಿ ತಲುಪಿದರೂ ವೇಗವಿಲ್ಲ ಎಂದರೆ ಮೋಟಾರ್ ಬಿಚ್ಚಲೇಬೇಕು. ಸಾಮಾನ್ಯವಾಗಿ ಎಡಗಡೆ ಗ್ಲೋವ್ ಬಾಕ್ಸ್ ಕೆಳಗೆ ಮೂರು ಸ್ಕ್ರೂಗಳಲ್ಲಿ ನಿಂತಿರುತ್ತದೆ. ಬ್ಯಾಟರಿ ನೆಗೆಟಿವ್ ಮೊದಲು ಕಳಚಿ. ಏರ್‌ಬ್ಯಾಗ್ ಇರುವ ಕಾರಾದರೆ ಹಳದಿ ಹೊದಿಕೆಯ ತಂತಿಗಳಿಗೆ ಕೈ ಹಾಕಬೇಡಿ. ಫ್ಯಾನನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಒಂದೆರಡು ಸುತ್ತಾದರೂ ಹಗುರವಾಗಿ ಓಡಬೇಕು. ತಟ್ಟನೆ ನಿಂತರೆ ಶಾಫ್ಟ್ ತಿರುಗುವ ಬುಷ್ ಒಣಗಿದೆ. ಓಡುವಾಗ ನಿಂತು, ಮೋಟಾರಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಮತ್ತೆ ತಿರುಗುತ್ತಿತ್ತು ಎಂದರೆ ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಬುಷ್‌ಗೆ ಎರಡು ಹನಿ ತೆಳು ಮೆಷಿನ್ ಆಯಿಲ್ ಹಾಕಿದರೆ ಕೆಲವು ತಿಂಗಳು ತಳ್ಳಬಹುದು. ತುಕ್ಕು ಬಿಡಿಸುವ ಸ್ಪ್ರೇ ಮಾತ್ರ ಬೇಡ, ಇದ್ದ ಎಣ್ಣೆಯನ್ನೂ ಅದು ತೊಳೆದುಬಿಡುತ್ತದೆ.

ರೆಸಿಸ್ಟರ್ ಪದೇ ಪದೇ ಸುಡುವ ಕಾರುಗಳ ಗುಟ್ಟೂ ಇಲ್ಲೇ ಇದೆ. ಬುಷ್ ಬಿಗಿಯಾದ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಆ ಹೆಚ್ಚುವರಿ ಶಾಖವೆಲ್ಲ ರೆಸಿಸ್ಟರಿನ ಮೇಲೆ. ಅದನ್ನು ಗಾಳಿಯ ದಾರಿಯಲ್ಲೇ ಕೂರಿಸಿರುವುದು ತಣ್ಣಗಿರಲೆಂದು. ಗಾಳಿಯೂ ಇಲ್ಲದಿದ್ದರೆ ಅದರ ಥರ್ಮಲ್ ಫ್ಯೂಸ್ ಕರಗುತ್ತದೆ. ಕೆಲವು ನೂರು ರೂಪಾಯಿಯ ಭಾಗವೆಂದು ಅದೊಂದನ್ನೇ ಬದಲಿಸಿದರೆ ಮತ್ತೆ ಅದೇ ಕಥೆ. ಆ ಥರ್ಮಲ್ ಫ್ಯೂಸನ್ನು ತಂತಿ ಸುತ್ತಿ ‘ಡೈರೆಕ್ಟ್’ ಮಾಡಿಕೊಡುವವರಿದ್ದಾರೆ, ದಯವಿಟ್ಟು ಒಪ್ಪಬೇಡಿ. ಕೆಂಪಗೆ ಕಾಯುವ ಸುರುಳಿಯ ಪಕ್ಕದಲ್ಲಿ ಒಣ ಎಲೆ ಇದ್ದರೆ ಡ್ಯಾಶ್‌ಬೋರ್ಡಿನೊಳಗೆ ಬೆಂಕಿ ಹತ್ತಲು ಬೇರೇನೂ ಬೇಕಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಗುಜರಿಯಿಂದಲೋ ಬೇರೆ ಮೋಟಾರ್ ತಂದರೆ ತಿರುಗುವ ದಿಕ್ಕು ನೋಡಿಯೇ ಕೂರಿಸಿ. ಈ ಡ್ರಮ್ ಆಕಾರದ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಹೊರಗೇ ಬರುತ್ತದೆ, ಒಳಕ್ಕೆ ಎಳೆಯುವುದಿಲ್ಲ. ಆದರೆ ಬಲ ಬಹಳ ಕಮ್ಮಿ. ಹೊಸ ಮೋಟಾರ್ ಹಾಕಿದ ಮೇಲೂ ಗಾಳಿ ಸಾಲದು ಎನ್ನುವ ಕಾರುಗಳಲ್ಲಿ ಎರಡು ತಂತಿ ಅದಲುಬದಲಾಗಿರುವುದು ಹೊಸದೇನಲ್ಲ. ಫ್ಯಾನ್ ಶಾಫ್ಟಿನ ಮೇಲೆ ಜಾರುತ್ತಿಲ್ಲವೇ ಎಂದೂ ಕೈಯಿಂದ ಹಿಡಿದು ನೋಡಿ.

ಕೊನೆಗೆ ಡಿಸಿ ಕ್ಲ್ಯಾಂಪ್ ಮೀಟರಿನಿಂದ (ತಂತಿಯನ್ನು ಕತ್ತರಿಸದೆ ಸುತ್ತ ಹಿಡಿದು ಅಳೆಯುವ ಮೀಟರ್) ನಾಲ್ಕನೇ ಸ್ಪೀಡಿನ ಕರೆಂಟ್ ಅಳೆದು ಬರೆದಿಟ್ಟುಕೊಳ್ಳಿ. ಚಿಕ್ಕ ಕಾರುಗಳಲ್ಲಿ 10ರಿಂದ 15 ಆಂಪಿಯರ್ ಸಾಮಾನ್ಯ. ಮಲ್ಟಿಮೀಟರನ್ನು ಸರಣಿಯಲ್ಲಿ ಸೇರಿಸಿ ಅಳೆಯಲು ಹೋದರೆ ಅದರ 10 ಆಂಪಿಯರ್ ಫ್ಯೂಸ್ ಹಾರಬಹುದು. ಅಳತೆ 20 ದಾಟಿದರೆ ಮೋಟಾರ್ ಎಷ್ಟೇ ಚೆನ್ನಾಗಿ ತಿರುಗಿದರೂ ವಾಪಸ್ ಕೊಡಿ. ಫ್ಯೂಸ್ ಹಾರುತ್ತದೆಂದು ಕಂಪನಿ ಹೇಳಿದ್ದಕ್ಕಿಂತ ದೊಡ್ಡದನ್ನು ಹಾಕಬೇಡಿ, ತಂತಿಯ ದಪ್ಪ ಹಳೆಯದೇ ಇರುತ್ತದೆ.