ಎಂಟರ ಜೋಡಿ ಮತ್ತು ಕರಗುತ್ತಿರುವ ಚಿಪ್‌ಗಳು

ಐವತ್ತೆರಡು ಎಲೆಗಳ ಕಟ್ಟಿನಿಂದ ಎರಡು ಎಲೆಗಳನ್ನು ಒಟ್ಟು 1,326 ಬಗೆಗಳಲ್ಲಿ ಆರಿಸಬಹುದು. ಅವುಗಳಲ್ಲಿ ಜೋಡಿಯಾಗುವವು 78 ಮಾತ್ರ. ಹೀಗಾಗಿ ಕೈಗೆ ಎರಡೇ ಎಲೆ ಕೊಟ್ಟು, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ತೆರೆಯುವ ಪೋಕರ್ ಆಡುವವರಿಗೆ ಸರಾಸರಿ ಹದಿನೇಳು ಸಲಕ್ಕೊಮ್ಮೆಯಷ್ಟೇ ಜೋಡಿ ಬರುತ್ತದೆ. ಎಕ್ಕದ ಜೋಡಿ ಬಂದರೆ ಯೋಚಿಸುವ ಕಷ್ಟವೇ ಇಲ್ಲ. ಟೂರ್ನಮೆಂಟಿನಲ್ಲಿ ಬ್ಲೈಂಡ್‌ಗಳು (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಪಣಗಳು; ದೊಡ್ಡದು ಬಿಗ್ ಬ್ಲೈಂಡ್, ಮುಂದಿನ ಲೆಕ್ಕವೆಲ್ಲ ಅದರಲ್ಲೇ) ಏರುತ್ತ ಹೋಗಿ, ನಮ್ಮ ಬಳಿ ಹತ್ತು ಬಿಗ್ ಬ್ಲೈಂಡ್‌ಗಳಷ್ಟು ಚಿಪ್‌ಗಳು (ಪಣದ ಬಿಲ್ಲೆಗಳು) ಮಾತ್ರ ಉಳಿದಿರುವಾಗ ಬರುವ ಏಳು, ಎಂಟು, ಒಂಬತ್ತರ ಜೋಡಿಗಳೇ ನಿಜವಾದ ಪರೀಕ್ಷೆ.

ಇಂಥ ಜೋಡಿಯನ್ನು ಹಿಡಿದವರು ಅಗ್ಗದಲ್ಲಿ ಫ್ಲಾಪ್ (ಮೇಜಿನ ಐದು ಎಲೆಗಳಲ್ಲಿ ಮೊದಲು ತೆರೆಯುವ ಮೂರು) ನೋಡಿ, ಮೂರನೆಯ ಎಂಟು ಸಿಕ್ಕರೆ ಮುಂದುವರಿಯೋಣ ಎಂದುಕೊಳ್ಳುವುದು ಸಹಜ. ಚಿಪ್‌ಗಳು ಹೇರಳವಾಗಿದ್ದಾಗ ಅದು ಒಳ್ಳೆಯ ಉಪಾಯವೂ ಹೌದು. ಆದರೆ ಫ್ಲಾಪ್‌ನಲ್ಲಿ ಎಂಟು ಬರುವ ಸಂಭವ ಶೇ. 12ಕ್ಕಿಂತ ತುಸು ಕಡಿಮೆ. ಒಂದು ಸಲ ಬಂದರೆ ಏಳೂವರೆ ಸಲ ಬರುವುದಿಲ್ಲ. ಎದುರಾಳಿ ಎರಡು ಬ್ಲೈಂಡ್‌ಗಳಷ್ಟು ಕಟ್ಟಿದಾಗ ನಾವೂ ಎರಡನ್ನು ಹಾಕಿ ಫ್ಲಾಪ್‌ಗೆ ಕಾದರೆ, ಆ ಖರ್ಚು ಹುಟ್ಟಬೇಕಾದರೆ ಎಂಟು ಬಂದಾಗಲೆಲ್ಲ ಹದಿನೈದು ಬ್ಲೈಂಡ್‌ಗಳ ಲಾಭ ಸಿಗಬೇಕು. ಮೇಜಿನ ಮೇಲಿರುವ ಬ್ಲೈಂಡ್, ಆ್ಯಂಟಿ (ಬ್ಲೈಂಡ್‌ಗಳ ಜೊತೆಗೆ ಮೊದಲೇ ಕಟ್ಟಬೇಕಾದ ಇನ್ನೊಂದು ಪಣ) ಮತ್ತು ಎದುರಾಳಿಯ ಪಣ ಸೇರಿ ನಾಲ್ಕೂವರೆ. ನಮ್ಮಲ್ಲಿ ಉಳಿದಿರುವ ಎಂಟಕ್ಕೆ ಸಮನಾಗಿ ಅವನಿಂದ ಎಂಟನ್ನೂ ಕಿತ್ತುಕೊಂಡೆವೆಂದರೂ ಹನ್ನೆರಡೂವರೆಗೆ ಲೆಕ್ಕ ಮುಗಿಯುತ್ತದೆ. ಎಲ್ಲವೂ ನಾವು ಬಯಸಿದಂತೆಯೇ ನಡೆದರೂ ನಷ್ಟ ತಪ್ಪದು.

ಇನ್ನು ಎಂಟು ಬಾರದಿದ್ದಾಗಿನ ಪಾಡು. ಒಂಬತ್ತರಿಂದ ಎಕ್ಕದವರೆಗೆ ನಮ್ಮ ಜೋಡಿಗಿಂತ ದೊಡ್ಡ ಎಲೆಗಳು ಇಪ್ಪತ್ನಾಲ್ಕಿವೆ. ಫ್ಲಾಪ್‌ನ ಮೂರು ಎಲೆಗಳಲ್ಲಿ ಅವುಗಳಲ್ಲೊಂದಾದರೂ ಕಾಣಿಸಿಕೊಳ್ಳುವ ಸಂಭವ ಶೇ. 87ರಷ್ಟು. ಫ್ಲಾಪ್‌ನಲ್ಲಿ ರಾಣಿಯೋ ಗುಲಾಮನೋ ಬಂದೊಡನೆ ಎದುರಾಳಿ ಪಣ ಕಟ್ಟುತ್ತಾನೆ, ನಾವು ನಮ್ಮದೇ ಗೆಲ್ಲುವ ಎಲೆಗಳನ್ನು ಎಷ್ಟೋ ಸಲ ಕೆಳಗಿಡುತ್ತೇವೆ. ಫ್ಲಾಪ್‌ಗೆ ಮೊದಲೇ ಆಲ್-ಇನ್ ಹೋಗುವುದರ ನಿಜವಾದ ಬಲ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ: ಎಲ್ಲ ಚಿಪ್‌ಗಳನ್ನೂ ಮುಂದಿಟ್ಟ ಮೇಲೆ ನಮ್ಮನ್ನು ಹೆದರಿಸಿ ಎಬ್ಬಿಸಲು ಯಾರಿಗೂ ಸಾಧ್ಯವಿಲ್ಲ, ಐದೂ ಎಲೆಗಳನ್ನು ನೋಡುವ ಹಕ್ಕು ನಮ್ಮದಾಗುತ್ತದೆ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ನಮಗಿಂತ ಮೊದಲಿನವರೆಲ್ಲ ಫೋಲ್ಡ್ ಮಾಡಿದ್ದಾರೆ (ಎಲೆ ಕೆಳಗಿಟ್ಟು ಹಿಂದೆ ಸರಿದಿದ್ದಾರೆ), ನಾವು ಬಟನ್‌ನಲ್ಲಿದ್ದೇವೆ, ಅಂದರೆ ನಮ್ಮ ನಂತರ ಬ್ಲೈಂಡ್ ಕಟ್ಟಿದ ಇಬ್ಬರು ಮಾತ್ರ ಆಡಬೇಕಿದೆ, ಮೇಜಿನ ಮೇಲೆ ಎರಡೂವರೆ ಬ್ಲೈಂಡ್‌ಗಳಿವೆ, ನಾವು ಹತ್ತನ್ನೂ ಮುಂದೆ ತಳ್ಳುತ್ತೇವೆ. ಉಳಿದ ಇಬ್ಬರೂ ನಾಲ್ಕರಲ್ಲಿ ಮೂರು ಸಲ ಹಿಂದೆ ಸರಿಯುತ್ತಾರೆಂದುಕೊಂಡರೆ ಅದರಿಂದಲೇ ಸರಾಸರಿ 1.9 ಬ್ಲೈಂಡ್ ಲಾಭ. ನಾಲ್ಕನೆಯ ಸಲ ಬಿಗ್ ಬ್ಲೈಂಡ್‌ನವನು ಕಾಲ್ ಮಾಡಿ (ನಮ್ಮಷ್ಟೇ ಪಣ ಕಟ್ಟಿ), ಆಗ ನಾವು ಶೇ. 40ರಷ್ಟು ಸಲ ಮಾತ್ರ ಗೆದ್ದರೂ ಒಟ್ಟು ಲೆಕ್ಕದಲ್ಲಿ ಒಂದೂವರೆ ಬ್ಲೈಂಡ್ ನಮ್ಮ ಕಡೆಗೇ ಉಳಿಯುತ್ತದೆ. ನಮಗಿಂತ ದೊಡ್ಡ ಜೋಡಿ ಎದುರಾದರೆ ಗೆಲುವು ಐದರಲ್ಲಿ ಒಂದಕ್ಕಿಳಿಯುತ್ತದೆ ಎಂಬ ಭಯ ಸುಳ್ಳಲ್ಲ; ಆದರೆ ಇಬ್ಬರಲ್ಲಿ ಒಬ್ಬರ ಬಳಿ ಅಂಥ ಜೋಡಿ ಇರುವ ಸಂಭವ ಸುಮಾರು ಶೇ. 6. ಒಂಬತ್ತು ಮಂದಿಯ ಮೇಜಿನಲ್ಲಿ ಮೊದಲಿಗರಾಗಿ ಆಡುವಾಗ ಅದು ಶೇ. 21ಕ್ಕೇರುವುದರಿಂದ, ಕೂತ ಜಾಗವನ್ನು ಕಡೆಗಣಿಸಿ ಈ ಜೋಡಿಯ ಬೆಲೆ ಕಟ್ಟುವಂತಿಲ್ಲ.

ಬೇರೊಬ್ಬರು ಮೊದಲೇ ಆಲ್-ಇನ್ ಹೋಗಿರುವಾಗ ಕಾಲ್ ಮಾಡುವುದು ಬೇರೆಯೇ ಪ್ರಶ್ನೆ. ಅಲ್ಲಿ ಎದುರಾಳಿ ಹಿಂದೆ ಸರಿದು ಸಿಗುವ ಲಾಭ ಇಲ್ಲವೇ ಇಲ್ಲ. ಅದರ ಮೇಲೆ, ಟೂರ್ನಮೆಂಟಿನಲ್ಲಿ ಚಿಪ್ ಮತ್ತು ಹಣ ಒಂದೇ ಅಲ್ಲ. 1973ರಲ್ಲಿ ಡೇವಿಡ್ ಹಾರ್ವಿಲ್ ಕುದುರೆ ಪಂದ್ಯಗಳಿಗಾಗಿ ಪ್ರಕಟಿಸಿದ ಸಂಭವನೀಯತೆಯ ಸೂತ್ರವೇ ಮುಂದೆ ಚಿಪ್‌ಗಳಿಗೆ ಹಣದ ಬೆಲೆ ಕಟ್ಟುವ ಐಸಿಎಂ ವಿಧಾನದ ತಿರುಳಾಯಿತು. ಮೂವರು ಉಳಿದಿದ್ದಾರೆ, ಎಲ್ಲರ ಚಿಪ್‌ಗಳೂ ಸಮ, ಬಹುಮಾನ 50, 30, 20 ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರ ಪಾಲು 33.3. ಒಬ್ಬನನ್ನು ಹೊರಹಾಕಿ ಚಿಪ್‌ಗಳನ್ನು ಇಮ್ಮಡಿಸಿಕೊಂಡವನ ಪಾಲು ಇಮ್ಮಡಿಯಾಗುವುದಿಲ್ಲ, 43.3ಕ್ಕೆ ಮಾತ್ರ ಏರುತ್ತದೆ; ಸೋತವನಿಗೆ ಸಿಗುವುದು 20. ಹತ್ತನ್ನು ಗಳಿಸಲು 13.3ನ್ನು ಪಣಕ್ಕಿಡುವ ಈ ಆಟದಲ್ಲಿ, ಬ್ಲೈಂಡ್‌ಗಳನ್ನು ಬದಿಗಿಟ್ಟರೆ, ಶೇ. 57ರಷ್ಟಾದರೂ ಗೆಲ್ಲುವ ಭರವಸೆ ಬೇಕು. ಬೇರೆ ಬೇರೆ ಬಣ್ಣದ ಎಕ್ಕ-ರಾಜರ ಎದುರು ಎಂಟರ ಜೋಡಿ ಗೆಲ್ಲುವುದು ಶೇ. 55ರಷ್ಟು. ಎದುರಾಳಿಯ ಎಲೆಗಳನ್ನು ಕಣ್ಣಾರೆ ಕಂಡು, ನಾವೇ ಮುಂದಿದ್ದೇವೆಂದು ತಿಳಿದ ಮೇಲೂ ಅಲ್ಲಿ ಫೋಲ್ಡ್ ಮಾಡುವುದೇ ಸರಿ.

ಅದೇ ಮೇಜಿನಲ್ಲಿ ಎಂಟರ ಜೋಡಿ ಹಿಡಿದವನು ಮೊದಲು ಆಲ್-ಇನ್ ಹೋಗಿದ್ದರೆ ಆ 57ರ ಗೆರೆ ಎದುರಾಳಿಯ ಮುಂದೆ ಬೀಳುತ್ತಿತ್ತು. ಅವನು ರಾಜ-ರಾಣಿಯಂಥ ಚೆಂದದ ಎಲೆಗಳನ್ನೂ ಕೆಳಗಿಡಬೇಕಾಗುತ್ತಿತ್ತು.