ವಾನ್ 1964, ರೂಪಾಯಿ 1966: ಎರಡು ಅಪಮೌಲ್ಯಗಳ ಟಿಪ್ಪಣಿ

ಮೊದಲು ನಾನು ಎಡವಿದ ಜಾಗ ಹೇಳಿಬಿಡುತ್ತೇನೆ. "ಡಾಲರ್ ದರ 4.76ರಿಂದ 7.50ಕ್ಕೆ ಏರಿತು" ಅಂತ ಓದಿದಾಗೆಲ್ಲ ರೂಪಾಯಿಯೇ ಏರಿತು ಅಂತ ತಲೆಗೆ ಹೋಗುತ್ತಿತ್ತು. ಏರಿದ್ದು ಡಾಲರಿನ ಬೆಲೆ, ಇಳಿದದ್ದು ರೂಪಾಯಿ. 1966ರಲ್ಲಿ ಭಾರತ ಸರ್ಕಾರ ರೂಪಾಯಿಯ ಬೆಲೆಯನ್ನು ಹೀಗೆ ಇಳಿಸಿದ್ದನ್ನು, ಅಂದರೆ ಈ ಅಪಮೌಲ್ಯವನ್ನು, ಒಂದು ಪುಸ್ತಕ ಶೇ. 36.5 ಅನ್ನುತ್ತದೆ, ಇನ್ನೊಂದು ಶೇ. 57.5. ಎರಡೂ ಸರಿ. ಒಂದು ಡಾಲರಿಗೆ ಕೊಡಬೇಕಾದ ರೂಪಾಯಿ ಶೇ. 57.5 ಹೆಚ್ಚಾಯಿತು, ಒಂದು ರೂಪಾಯಿಗೆ ಸಿಗುವ ಡಾಲರ್ ಶೇ. 36.5 ಕಡಿಮೆಯಾಯಿತು. ಎರಡು ದರಗಳ ವ್ಯತ್ಯಾಸವಾದ 2.74ನ್ನು ಒಬ್ಬರು 4.76ರಿಂದ ಭಾಗಿಸಿದರು, ಇನ್ನೊಬ್ಬರು 7.50ರಿಂದ. ಪರೀಕ್ಷೆಯ ಉತ್ತರದಲ್ಲಿ ಯಾವುದನ್ನೇ ಬರೆದರೂ ಯಾವ ಅರ್ಥದಲ್ಲಿ ಅನ್ನುವುದನ್ನೂ ಬರೆಯಿರಿ.

ಈಗ ವಿಷಯ. ಬಡ ದೇಶಗಳು ತಮ್ಮ ನಾಣ್ಯದ ಬೆಲೆಯನ್ನು ಇರುವುದಕ್ಕಿಂತ ಹೆಚ್ಚಾಗಿ ಯಾಕೆ ಇಟ್ಟುಕೊಳ್ಳುತ್ತವೆ? ದಡ್ಡತನ ಅಂತ ತಳ್ಳಿಹಾಕಬೇಡಿ, ಅದರಿಂದ ಯಾರಿಗೋ ಲಾಭ ಇದ್ದೇ ಇರುತ್ತದೆ. 1950ರ ದಶಕದ ದಕ್ಷಿಣ ಕೊರಿಯಾ ನೋಡಿ. ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಗಳ ಸ್ಥಳೀಯ ಖರ್ಚಿಗೆ ಕೊರಿಯಾ ಸರ್ಕಾರ ತನ್ನ ನಾಣ್ಯದಲ್ಲಿ ಮುಂಗಡ ಕೊಡುತ್ತಿತ್ತು, ಅಮೆರಿಕ ಅದನ್ನು ಅಧಿಕೃತ ದರದಲ್ಲಿ ಡಾಲರಾಗಿ ತೀರಿಸುತ್ತಿತ್ತು. ನಾಣ್ಯ ದುಬಾರಿಯಾಗಿದ್ದಷ್ಟೂ ಡಾಲರ್ ಜಾಸ್ತಿ. ಅಧ್ಯಕ್ಷ ಸಿಂಗ್‌ಮನ್ ರೀ ದರ ಬದಲಿಸಲು ಒಪ್ಪದೆ ಅಮೆರಿಕನ್ನರೊಡನೆ ವರ್ಷಗಟ್ಟಲೆ ಜಗ್ಗಾಡಿದ್ದರ ಹಿಂದೆ ಈ ಲೆಕ್ಕವಿತ್ತು. ಒಳಗಡೆಯೂ ಹಾಗೆಯೇ: ಅಗ್ಗದ ಡಾಲರ್ ಹಂಚಿಕೆ ಗಿಟ್ಟಿಸಿಕೊಂಡವನು ಸಕ್ಕರೆ, ಗೋಧಿ, ಹತ್ತಿ ತರಿಸಿ ಒಳಗಿನ ಬೆಲೆಗೆ ಮಾರಿದರೆ ಸಾಕು. ಅಲ್ಲಿನವರು ಇವನ್ನು "ಮೂರು ಬಿಳಿ" ಉದ್ಯಮ ಅಂತಲೇ ಕರೆದರು. ಅತಿಮೌಲ್ಯದ ನಾಣ್ಯ ಅಂದರೆ ರಫ್ತುದಾರನ ಮೇಲೆ ಯಾವ ಬಜೆಟ್ಟಿನಲ್ಲೂ ಕಾಣದ ತೆರಿಗೆ, ಆಮದು ಲೈಸೆನ್ಸ್ ಇದ್ದವನಿಗೆ ಯಾವ ಬಜೆಟ್ಟಿನಲ್ಲೂ ಕಾಣದ ಸಬ್ಸಿಡಿ.

1964ರ ಮೇ ತಿಂಗಳಲ್ಲಿ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಸರ್ಕಾರ ಕೊರಿಯಾದ ನಾಣ್ಯವಾದ ವಾನ್ ಬೆಲೆ ಇಳಿಸಿ, ಡಾಲರಿಗೆ 130 ವಾನ್ ಇದ್ದದ್ದನ್ನು 255 ಮಾಡಿತು. ಇದರ ಪರಿಣಾಮ ಅರ್ಥವಾಗಲು ಒಂದು ಲೆಕ್ಕ ಹಾಕೋಣ. ಅಂಕಿಗಳು ನನ್ನ ಕಲ್ಪನೆ, ದರ ಮಾತ್ರ ನಿಜ. ಪ್ಲೈವುಡ್ ಕಾರ್ಖಾನೆಯೊಂದು 60 ಡಾಲರಿನ ಮರದ ದಿಮ್ಮಿ ತರಿಸಿ, 100 ಡಾಲರಿನ ಪ್ಲೈವುಡ್ ಮಾರುತ್ತದೆ. ಕೂಲಿ, ಕರೆಂಟು, ಬಾಡಿಗೆ ಸೇರಿ ಒಳಗಿನ ಖರ್ಚು 6,000 ವಾನ್. ಹಳೆಯ ದರದಲ್ಲಿ ಬಂದದ್ದು 13,000, ದಿಮ್ಮಿಗೆ ಹೋದದ್ದು 7,800, ಉಳಿದದ್ದು 5,200. ಅಂದರೆ 800 ವಾನ್ ನಷ್ಟ. ಹೊಸ ದರದಲ್ಲಿ ಬಂದದ್ದು 25,500, ದಿಮ್ಮಿಗೆ 15,300, ಉಳಿದದ್ದು 10,200. ಖರ್ಚು ಕಳೆದರೆ 4,200 ಲಾಭ.

ಇಲ್ಲಿ ಎರಡು ಸಂಗತಿ ಗಮನಿಸಿ. ಅಪಮೌಲ್ಯ ಕೈಹಿಡಿಯುವುದು ಪೂರ್ತಿ 100 ಡಾಲರಿಗಲ್ಲ, ನಾವು ಒಳಗೆ ಸೇರಿಸಿದ 40 ಡಾಲರಿಗೆ ಮಾತ್ರ. ದಿಮ್ಮಿಯೂ ಅಷ್ಟೇ ದುಬಾರಿಯಾಯಿತಲ್ಲ! ಎರಡನೆಯದು, ಒಳಗಿನ ಖರ್ಚು 6,000ದಲ್ಲೇ ನಿಲ್ಲುವುದಿಲ್ಲ. ಬೆಲೆ, ಕೂಲಿ ಏರಿ ಅದು 10,200 ಮುಟ್ಟಿದ ದಿನ ಅಪಮೌಲ್ಯ ತಂದ ಲಾಭ ಕರಗಿಹೋಯಿತು ಅಂತಲೇ ಲೆಕ್ಕ. ಬೋರ್ಡಿನ ಮೇಲೆ ಬರೆದ ದರ ನಾಮಮಾತ್ರದ್ದು, ಒಳಹೊರಗಿನ ಬೆಲೆಗಳನ್ನು ತೂಗಿ ನೋಡಿದ್ದು ನೈಜ ದರ. ರಫ್ತುದಾರ ಬದುಕುವುದು ಎರಡನೆಯದರ ಮೇಲೆ.

ಕೊರಿಯಾದಲ್ಲಿ ಅದು ಕರಗದಂತೆ ಹಿಡಿದದ್ದು ಏನು? ದರದ ಬೆನ್ನಿಗೆ ಸರ್ಕಾರ ನಿಂತಿತ್ತು. 1961ರಲ್ಲೇ ವಾಣಿಜ್ಯ ಬ್ಯಾಂಕುಗಳು ಸರ್ಕಾರದ ಹಿಡಿತಕ್ಕೆ ಬಂದಿದ್ದವು. 1965ರ ಬಡ್ಡಿ ಸುಧಾರಣೆಯ ನಂತರ ಸಾಮಾನ್ಯ ಸಾಲಕ್ಕೆ ಶೇ. 26ರಷ್ಟು ಬಡ್ಡಿ ಇದ್ದಾಗ ರಫ್ತು ಸಾಲಕ್ಕೆ ಶೇ. 6.5. ಅದರ ಮೇಲೆ ಹಣದುಬ್ಬರ ಕಳೆದರೆ ಸಾಲ ಪಡೆದವನಿಗೆ ಬ್ಯಾಂಕೇ ದುಡ್ಡು ಕೊಟ್ಟಂತೆ. ಆದರೆ ಅದು ರಫ್ತು ಮಾಡಿ ತೋರಿಸಿದವನಿಗೆ ಮಾತ್ರ. ಪ್ರತಿ ತಿಂಗಳೂ ಅಧ್ಯಕ್ಷರ ಸಮ್ಮುಖದಲ್ಲೇ ರಫ್ತು ಸಭೆ ನಡೆಯುತ್ತಿತ್ತು, ಗುರಿ ಮುಟ್ಟಿದ್ದೆಷ್ಟು ಅನ್ನುವ ಲೆಕ್ಕ ಅಲ್ಲಿ ಒಪ್ಪಿಸಬೇಕಿತ್ತು. ನನಗೆ ತುಂಬ ಹಿಡಿಸಿದ ಉಪಾಯ ಇನ್ನೊಂದಿದೆ: ರಫ್ತಿನ ಕಚ್ಚಾವಸ್ತುವನ್ನು ಸುಂಕವಿಲ್ಲದೆ ತರಿಸಿಕೊಳ್ಳುವಾಗ "ಹಾಳಾಗುವ ಪಾಲು" ಅಂತ ಸ್ವಲ್ಪ ಹೆಚ್ಚೇ ತರಿಸಲು ಬಿಡುತ್ತಿದ್ದರು. ಹಾಳಾಗದೆ ಉಳಿದದ್ದನ್ನು ಒಳಗಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೆ ಮಾರಿಕೊಳ್ಳಬಹುದು. ಎಲ್ಲರಿಗೂ ಗೊತ್ತಿದ್ದೂ ಯಾರೂ ಕೇಳದ ಸಬ್ಸಿಡಿ ಅದು. 1964ರ ಕೊನೆಗೆ ವರ್ಷದ ರಫ್ತು 10 ಕೋಟಿ ಡಾಲರ್ ದಾಟಿತು, 1977ರಲ್ಲಿ 1,000 ಕೋಟಿ.

ಮಾರುಕಟ್ಟೆಗೆ ಬಿಟ್ಟದ್ದಕ್ಕೇ ಗೆದ್ದರು ಅನ್ನುವ ಬಣವೂ, ಸರ್ಕಾರ ಬೆಲೆಗಳನ್ನು ಬೇಕೆಂದೇ ತಿರುಚಿದ್ದಕ್ಕೇ ಗೆದ್ದರು ಅನ್ನುವ ಬಣವೂ ಇದೇ ಅಂಕಿಗಳನ್ನು ಮುಂದಿಡುತ್ತವೆ. ನನ್ನ ಓದಿನಲ್ಲಿ ಎರಡನೆಯವರ ಕೈ ಮೇಲು. ಆದರೆ ಜಪಾನಿನೊಡನೆ 1965ರ ಒಪ್ಪಂದದಿಂದ ಬಂದ 30 ಕೋಟಿ ಡಾಲರ್ ಅನುದಾನ, 20 ಕೋಟಿ ಸಾಲ, ವಿಯೆಟ್ನಾಂ ಯುದ್ಧದಿಂದ ಹರಿದ ಡಾಲರು ಇವನ್ನು ಇಬ್ಬರೂ ಬೇಗ ದಾಟಿಹೋಗುತ್ತಾರೆ.

ಭಾರತಕ್ಕೆ ಬನ್ನಿ. 1966ರ ಜೂನ್ 6. ಇಂದಿರಾ ಗಾಂಧಿ ಪ್ರಧಾನಿಯಾಗಿ ಐದು ತಿಂಗಳೂ ಆಗಿರಲಿಲ್ಲ, ಸಚೀಂದ್ರ ಚೌಧುರಿ ಹಣಕಾಸು ಸಚಿವರು. ರೂಪಾಯಿ ಇಳಿಸಿದ ಹೊತ್ತಿಗೇ ಇದ್ದ ರಫ್ತು ಸಬ್ಸಿಡಿಗಳನ್ನು ತೆಗೆದರು, ಸೆಣಬು, ಚಹಾದಂಥ ಸರಕಿನ ಮೇಲೆ ಹೊಸ ರಫ್ತು ಸುಂಕ ಹಾಕಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಹಾಗಾಗಿ ರಫ್ತುದಾರನ ಕೈಗೆ ಬಂದದ್ದು 57.5ರಲ್ಲಿ ಒಂದು ತುಂಡು ಮಾತ್ರ, ಕೆಲವರಿಗೆ ಅದೂ ಇಲ್ಲ. ಆಗಸ್ಟಿನ ಹೊತ್ತಿಗೆ ಸಬ್ಸಿಡಿಗಳು ಒಂದೊಂದಾಗಿ ವಾಪಸು ಬಂದವು. ಮೇಲಿಂದ ಬರ, ಅದೂ ಬೆನ್ನುಬೆನ್ನಿಗೆ ಎರಡು ವರ್ಷ. ನಮ್ಮ ರಫ್ತಿನ ದೊಡ್ಡ ಪಾಲು ಸೆಣಬು, ಹತ್ತಿ, ಚಹಾ. ಹೊಲದಲ್ಲೇ ಬೆಳೆ ಇಲ್ಲದಿದ್ದರೆ ದರ ಏನು ಮಾಡೀತು? ಅಪಮೌಲ್ಯ ಮಾಡಿದರೆ ಕೈತುಂಬ ಬರುತ್ತದೆ ಅಂದುಕೊಂಡಿದ್ದ ವಿದೇಶಿ ನೆರವೂ ಬೇಗ ಬತ್ತಿತು. ಅಮೆರಿಕಕ್ಕೆ ಮಣಿದರು ಅನ್ನುವ ಮಾತು ಮಾತ್ರ ಉಳಿಯಿತು. ಆಮೇಲೆ ಕಾಲು ಶತಮಾನ, 1991ರ ಜುಲೈ ತನಕ, ಅಪಮೌಲ್ಯ ಅನ್ನುವ ಪದವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ.

ಕೊರಿಯಾವನ್ನು ಹೊಗಳಿ ಬರೆಯುವಾಗ ನಮ್ಮ ಲೆಕ್ಕದ ಆ 6,000 ವಾನ್ ಯಾರ ಕೂಲಿ ಅನ್ನುವುದನ್ನೂ ಕೇಳಿಕೊಳ್ಳಿ. 1970ರ ನವೆಂಬರ್ 13ರಂದು ಸೋಲ್‌ನ ಪ್ಯೊಂಗ್‌ಹ್ವಾ ಮಾರುಕಟ್ಟೆಯಲ್ಲಿ ಚೊನ್ ಟೆ-ಇಲ್ ಎಂಬ 22 ವರ್ಷದ ಗಾರ್ಮೆಂಟ್ ಕಾರ್ಮಿಕ, ಇರುವ ಕಾರ್ಮಿಕ ಕಾನೂನನ್ನಾದರೂ ಪಾಲಿಸಿ ಅಂತ ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡ. ಸಾಲದ ಬಡ್ಡಿ ಇಳಿಸಿದ ಸರ್ಕಾರವೇ ಕಾರ್ಮಿಕ ಸಂಘಗಳನ್ನೂ ಅದುಮಿಟ್ಟಿತ್ತು. ನೈಜ ಲೆಕ್ಕದಲ್ಲಿ ವಾನ್ ಅಗ್ಗವಾಗಿ ಉಳಿಯುವುದಕ್ಕೆ ಇದೂ ಬೇಕಿತ್ತು.

ಇನ್ನು ಕೊರಿಯಾವೇ ತನ್ನ ಪಾಠ ಮರೆತದ್ದು. 1973ರಿಂದ ಉಕ್ಕು, ಹಡಗು, ರಾಸಾಯನಿಕಗಳ ಭಾರೀ ಉದ್ಯಮಕ್ಕೆ ಕೈಹಾಕಿದ ಮೇಲೆ ಯಂತ್ರಗಳ ಆಮದೂ ವಿದೇಶಿ ಸಾಲವೂ ಬೆಳೆದವು. ನಾಣ್ಯ ಇಳಿಸಿದರೆ ಎರಡೂ ದುಬಾರಿ. 1974ರ ಡಿಸೆಂಬರಿನಲ್ಲಿ 484 ವಾನ್‌ಗೆ ಕಟ್ಟಿದ ದರವನ್ನು, ಒಳಗೆ ಬೆಲೆ ಏರುತ್ತಲೇ ಇದ್ದರೂ, ಐದು ವರ್ಷ ಮುಟ್ಟಲಿಲ್ಲ. ನಮ್ಮ ಪ್ಲೈವುಡ್ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ: 40 ಡಾಲರಿಗೆ ಸಿಗುವುದು 19,360 ವಾನ್. ಒಳಗಿನ ಖರ್ಚು 15,000ದಿಂದ ಶುರುವಾಗಿ ವರ್ಷಕ್ಕೆ ಶೇ. 15 ಏರಿದರೆ, ಡಾಲರ್ ಬೆಲೆಗಳು ಅಲುಗದಿದ್ದಲ್ಲಿ, ಎರಡನೆಯ ವರ್ಷದ ಕೊನೆಗೆ 19,838. ಲಾಭ ಹೋಯಿತು. 1980ರ ಜನವರಿಯಲ್ಲಿ ದರವನ್ನು 580ಕ್ಕೆ ತಂದರು. ಆ ವರ್ಷ ಕೊರಿಯಾದ ಆರ್ಥಿಕತೆ ಬೆಳೆಯುವ ಬದಲು ಕುಗ್ಗಿತು.