ಕಕ್ಕಡದ ಗಂಟಲುನೋವು, ಪೈಫರ್‌ನ ಅರ್ಧ ತಪ್ಪು

ಕಕ್ಕಡ ತಿಂಗಳ ಮಳೆಯಲ್ಲಿ ಭಾಗಮಂಡಲದ ಕಡೆ ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಕಿಟಕಿ ಮುಚ್ಚಿದ, ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಒಬ್ಬರು ಸೀನಿದರೆ ವಾರದೊಳಗೆ ಎಲ್ಲರಿಗೂ ನೆಗಡಿ. ಕಾಳುಮೆಣಸಿನ ಕಷಾಯ ಕುಡಿದು ಮೂರ್ನಾಲ್ಕು ದಿನಕ್ಕೆ ಮೈ ಹಗುರಾಗುತ್ತದೆ. ಹಾಗೆ ಹಗುರಾದ ಮಗು ಐದನೇ ದಿನ ಮತ್ತೆ ಜ್ವರ ಬಂದು ಮಲಗುತ್ತದೆ, ಉಗುಳು ನುಂಗಲೂ ಅಳುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಟಾನ್ಸಿಲ್ ಕೆಂಪಗೆ ಊದಿದೆ, ಮೇಲೆ ಅನ್ನದ ಅಗುಳಿನಂಥ ಬಿಳಿ ಚುಕ್ಕೆ. ವೈರಸ್ಸೋ ಬ್ಯಾಕ್ಟೀರಿಯವೋ? ಎರಡೂ ಇರಬಹುದು.

ಈ ಗೊಂದಲ ಹಳೆಯದು. 1892ರಲ್ಲಿ ಜರ್ಮನಿಯ ರಿಚರ್ಡ್ ಪೈಫರ್ ಫ್ಲೂ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯ ಕಂಡು, ರೋಗಕ್ಕೆ ಇದೇ ಮೂಲ ಎಂದರು. 1918ರ ಮಹಾಮಾರಿಯಲ್ಲೂ ವೈದ್ಯರು ಅದನ್ನೇ ಹುಡುಕಿದರು. ಕೆಲವರಲ್ಲಿ ಸಿಕ್ಕಿತು, ಕೆಲವರಲ್ಲಿ ಇಲ್ಲ. ಮನುಷ್ಯರ ಫ್ಲೂ ವೈರಸ್ ಕೈಗೆ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ. ಅಲ್ಲಿಗೆ ಪೈಫರ್ ಸೋತರು ಅನ್ನಿಸಿತು. ಆದರೆ 1918ರಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ಮತ್ತೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿ ಬೇರೆಯೇ ಹೇಳಿತು: ಹೆಚ್ಚಿನವರನ್ನು ಕೊಂದದ್ದು ಫ್ಲೂ ಹಿಂದೆಯೇ ಬಂದ ಬ್ಯಾಕ್ಟೀರಿಯದ ನ್ಯುಮೋನಿಯ. ಆನೆ ಬೇಲಿ ಮುರಿದ ತೋಟಕ್ಕೆ ಹಂದಿ ನುಗ್ಗಿದ ಹಾಗೆ. ವೈರಸ್ ಒಳಪದರವನ್ನು ಕೆಡಿಸಿದರೆ ಬ್ಯಾಕ್ಟೀರಿಯಕ್ಕೆ ಅಂಟಿಕೊಳ್ಳಲು ಜಾಗ ಸಿಗುತ್ತದೆ.

ಗಂಟಲಿನ ಮುಖ್ಯ ಬ್ಯಾಕ್ಟೀರಿಯ ಎ ಗುಂಪಿನ ಸ್ಟ್ರೆಪ್ಟೊಕಾಕಸ್, ಚಿಕ್ಕದಾಗಿ ಸ್ಟ್ರೆಪ್. ಈ ಗುಂಪುಗಳನ್ನು ರೆಬೆಕಾ ಲಾನ್ಸ್‌ಫೀಲ್ಡ್ ವಿಂಗಡಿಸಿದ್ದೂ ಅದೇ 1933ರಲ್ಲಿ. ಸ್ಟ್ರೆಪ್‌ಗೆ ಮದ್ದು ಮಾಡದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗುತ್ತದೆ. ಪೆನಿಸಿಲಿನ್ ಅದನ್ನು ತಡೆಯುತ್ತದೆಂದು 1950ರ ಹೊತ್ತಿಗೆ ಅಮೆರಿಕದ ಒಂದು ಸೇನಾ ನೆಲೆಯಲ್ಲಿ ಸಾಬೀತಾಯಿತು. ಆ ಭಯ ನ್ಯಾಯವಾದದ್ದೇ. ಆದರೆ ಅದೇ ಭಯದಿಂದ ಎಲ್ಲ ಗಂಟಲುನೋವಿಗೂ ಆಂಟಿಬಯಾಟಿಕ್ ಅಭ್ಯಾಸವಾಯಿತು. ಮಕ್ಕಳ ಗಂಟಲುನೋವಿನಲ್ಲಿ ಸ್ಟ್ರೆಪ್ ಪಾಲು ನೂರಕ್ಕೆ 20ರಿಂದ 30, ದೊಡ್ಡವರಲ್ಲಿ ಇನ್ನೂ ಕಡಿಮೆ.

ಪರೀಕ್ಷೆಯಲ್ಲೂ ಒಂದು ಸಿಕ್ಕು. ಏನೂ ತೊಂದರೆ ಇಲ್ಲದ ಶಾಲಾ ಮಕ್ಕಳಲ್ಲೇ ಸುಮಾರು ಹತ್ತರಲ್ಲಿ ಒಬ್ಬರ ಗಂಟಲಲ್ಲಿ ಸ್ಟ್ರೆಪ್ ಸುಮ್ಮನೆ ಕೂತಿರುತ್ತದೆ. ಅಂಥ ಮಗುವಿಗೆ ನೆಗಡಿಯಾದಾಗ ಸ್ವಾಬ್ ತೆಗೆದರೆ ಪಾಸಿಟಿವ್ ಬರುತ್ತದೆ, ಕಾಟ ಮಾತ್ರ ವೈರಸ್ಸಿನದು. ಪೈಫರ್ ಎಡವಿದ ಜಾಗವೇ ಇದು. ಬಿಳಿ ಚುಕ್ಕೆಯನ್ನೂ ನಂಬುವಂತಿಲ್ಲ. 1964ರಲ್ಲಿ ಪತ್ತೆಯಾದ ಎಪ್‌ಸ್ಟೀನ್-ಬಾರ್ ವೈರಸ್ ಕೂಡ ಹಾಗೇ ಮಾಡುತ್ತದೆ. ಅದಕ್ಕೆ ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಕೊಟ್ಟರೆ ಹಲವರಿಗೆ ಮೈತುಂಬ ದದ್ದು ಏಳುತ್ತದೆ, ಮಗುವಿನ ಚೀಟಿಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಬಿದ್ದುಬಿಡುತ್ತದೆ. ಕೆಮ್ಮು, ಸೋರುವ ಮೂಗು, ಒಡೆದ ದನಿ ಇದ್ದರೆ ವೈರಸ್ ಕಡೆಗೆ ಅನುಮಾನ. ಕೆಮ್ಮಿಲ್ಲದೆ ಜ್ವರ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಡ್ಡೆ ಇದ್ದರೆ ಸ್ಟ್ರೆಪ್ ಪರೀಕ್ಷೆ.

ಮೆಡಿಕಲ್ ಶಾಪಿನಲ್ಲಿ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುವ ಮೂರು ಅಜಿತ್ರೋಮೈಸಿನ್ ಆಂಟಿಬಯಾಟಿಕ್ ಮಾತ್ರೆ ನನಗೆ ಸಿಟ್ಟು ತರಿಸುತ್ತದೆ. ಸ್ಟ್ರೆಪ್ ಪೆನಿಸಿಲಿನ್‌ಗೆ ಇಂದಿಗೂ ಬಗ್ಗುತ್ತದೆ. ಅಜಿತ್ರೋಮೈಸಿನ್‌ಗೆ ಬಗ್ಗದ ತಳಿಗಳು ಬಂದಿವೆ. ಅಷ್ಟು ಅವಸರವೂ ಬೇಕಿಲ್ಲ, ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಡೆಯಬಹುದು. ಭಾಗಮಂಡಲದ ಸಂಗಮದಲ್ಲಿ ನೀರು ಇಳಿದ ಮೇಲೆ ಮಡಿಕೇರಿಗೆ ಹೋಗಿ ತೋರಿಸಲು ಅಷ್ಟು ದಿನ ಸಾಕು. ಆದರೆ ಮಗುವಿಗೆ ಬಾಯಿ ತೆರೆಯಲು ಆಗದೆ ಜೊಲ್ಲು ಸುರಿಯುತ್ತಿದ್ದರೆ, ಉಸಿರಾಟದಲ್ಲಿ ಗೊರಗೊರ ಸದ್ದಿದ್ದರೆ, ಮಳೆ ಎಷ್ಟೇ ಇರಲಿ, ಆಗಲೇ ಜೀಪು ಹತ್ತಬೇಕು.